ಕಲ್ಲಚ್ಚಿನ ಪುಸ್ತಕಗಳು ಮತ್ತು ಹಸ್ತಪ್ರತಿಗಳು (ಹತ್ತೊಂಬತ್ತನೆಯ ಶತಮಾನ)

ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಆ ಬರಹವನ್ನು ಕಾಗದಕ್ಕೆ ಇಳಿಸುವ ಮುದ್ರಣಕ್ಕೆ ಕಲ್ಲಚ್ಚು ಎಂದು ಹೆಸರು. ಶಿಲಾಮುದ್ರಣ, ಲಿಥೊ ಎಂದೂ ಕರೆಯುವುದುಂಟು. ಹಳೆಯ ಮರಾಠಿ ಮುಖಪುಟಗಳಲ್ಲಿ ಇದು ಶಿಳಾಪ್ರೆಸ್, ಶಿಳಾಛಾಪ. ಮಂಗಳೂರು, ಮುಂಬಯಿ, ಪುಣೆಗಳಲ್ಲಿ 1820ರ ದಶಕದಿಂದ 1900ರವರೆಗೆ ಹೀಗೆ ಅಚ್ಚಾದ ಪುಸ್ತಕ, ಪತ್ರಿಕೆ, ನಕಾಶೆ, ದೇವರ ಪಟಗಳು ಈಗ ಗ್ರಂಥಾಲಯಗಳ ವಿಶೇಷ ಸಂಗ್ರಹಗಳಲ್ಲಿ ಓಲೆಗರಿ ಮತ್ತು ಕಾಗದದ ಹಸ್ತಪ್ರತಿಗಳ ಪಕ್ಕದಲ್ಲೇ ಇವೆ. ಈ ನೆರೆಹೊರೆ ಆಕಸ್ಮಿಕವಲ್ಲ. ಎರಕದ ಅಕ್ಷರಗಳನ್ನು ಜೋಡಿಸುವ ಮೊಳೆಯಚ್ಚಿನ ಪುಸ್ತಕದಲ್ಲಿ ಅಕ್ಷರ ಎರಕದವನದು, ಕಲ್ಲಚ್ಚಿನ ಪುಸ್ತಕದಲ್ಲಿ ಅದು ಲಿಪಿಕಾರನದು. ಪಟ್ಟಿ ಮಾಡುವವರು ಕಲ್ಲಚ್ಚನ್ನು ಮುದ್ರಿತ ಪುಸ್ತಕಗಳ ಸಾಲಿಗೆ ಸೇರಿಸುತ್ತಾರೆ. ಪ್ರತಿಗಳ ಸಂಖ್ಯೆಯನ್ನು ನೋಡಿದರೆ ಅದು ಸರಿ, ಬರಹವನ್ನು ನೋಡಿದರೆ ಸರಿಯಲ್ಲ. ಕನ್ನಡದ ಮಟ್ಟಿಗಂತೂ ಇದನ್ನು ಹಸ್ತಪ್ರತಿ ಪರಂಪರೆಯ ಕೊನೆಯ ಅಧ್ಯಾಯವೆಂದು ಓದಿದರೆ ಹೆಚ್ಚು ತಿಳಿಯುತ್ತದೆ.

ಈ ವಿಧಾನವನ್ನು ಕಂಡುಹಿಡಿದವನು ಆಲೋಯಿಸ್ ಜೆನೆಫೆಲ್ಡರ್. ಬವೇರಿಯದ ಮ್ಯೂನಿಕ್ ನಗರದಲ್ಲಿ 1796ರಿಂದ 1798ರವರೆಗೆ ಪ್ರಯೋಗ ಮಾಡಿ ಇದನ್ನು ಸಾಧಿಸಿದ. ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚು ಹಾಕಿಸುವ ದಾರಿ ಹುಡುಕುತ್ತಿದ್ದವನಿಗೆ ಹತ್ತಿರದ ಸೋಲ್ನ್‌ಹೋಫನ್ನಿನ ಸುಣ್ಣಕಲ್ಲು ಒದಗಿತು. ಮರ್ಮವಿರುವುದು ಎಣ್ಣೆಗೂ ನೀರಿಗೂ ಇರುವ ಹಗೆಯಲ್ಲಿ, ನಮ್ಮವರ ಮಾತಿನಲ್ಲಿ ಹೇಳುವುದಾದರೆ ಎಣ್ಣೆ ಸೀಗೆಕಾಯಿ ಸಂಬಂಧದಲ್ಲಿ. ಸಾಬೂನು, ಮೇಣ, ಕೊಬ್ಬು, ಕಾಡಿಗೆ ಬೆರೆಸಿದ ಮಸಿಯಿಂದ ಕಲ್ಲಿನ ಮೇಲೆ ಬರೆಯುತ್ತಾರೆ. ಅಂಟಿನಲ್ಲಿ ಬೆರೆಸಿದ ತೆಳು ಆಮ್ಲವನ್ನು ಹಚ್ಚಿ ಬರಹವನ್ನು ಗಟ್ಟಿ ಮಾಡುತ್ತಾರೆ. ಆಮೇಲೆ ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮಸಿಯ ಉರುಳೆ ಆಡಿಸಿದರೆ, ಮಸಿ ಜಿಡ್ಡಿರುವ ಬರಹಕ್ಕೆ ಮಾತ್ರ ಹತ್ತುತ್ತದೆ, ಒದ್ದೆ ಬಯಲಿಗೆ ಹತ್ತುವುದಿಲ್ಲ. ಮೇಲೆ ಕಾಗದ ಹಾಸಿ ಯಂತ್ರದಲ್ಲಿ ಒತ್ತಿದರೆ ಪುಟ ತಯಾರು. ನೇರ ಕಲ್ಲಿಗೆ ಬರೆಯುವವನು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬರೆಯಬೇಕು. ಈ ಕಷ್ಟ ತಪ್ಪಿಸಲು ಅಂಟು ಸವರಿದ ಕಾಗದದ ಮೇಲೆ ಸರಿಯಾಗಿಯೇ ಬರೆದು, ಅದನ್ನು ಕಲ್ಲಿಗೆ ಮಗುಚಿ ಒತ್ತುವ ಉಪಾಯವೂ ಬಂತು. ಒಳ್ಳೆಯ ಕೈಬರಹ ಇದ್ದವನು ಯಾರಾದರೂ, ಎರಕದ ವಿದ್ಯೆ ತಿಳಿಯದಿದ್ದರೂ, ಪುಸ್ತಕ ತಯಾರಿಸಬಹುದಾಯಿತು.

ಗ್ರಂಥಾಲಯದವರಿಗೆ ಇನ್ನೊಂದು ವಿವರ ಮುಖ್ಯ. ಪುಟ ಅಚ್ಚಾದ ಮೇಲೆ ಕಲ್ಲನ್ನು ಮರಳು ಹಾಕಿ ತಿಕ್ಕಿ, ಹಳೆಯ ಬರಹ ಅಳಿಸಿ, ಮುಂದಿನ ಪುಟಕ್ಕೆ ಬಳಸುತ್ತಿದ್ದರು. ಕಲ್ಲು ದುಬಾರಿ, ತೂಕವೂ ಹೆಚ್ಚು, ಇಟ್ಟುಕೊಳ್ಳುವುದು ಸಾಧ್ಯವಿರಲಿಲ್ಲ. ಹೀಗಾಗಿ ಲಿಪಿಕಾರ ಬರೆದ ಮೂಲ ಎಲ್ಲಿಯೂ ಉಳಿದಿಲ್ಲ, ಅದರ ಅಚ್ಚು ಮಾತ್ರ ಉಳಿದಿದೆ.

ಮುಂಬಯಿ ಮತ್ತು ಪುಣೆ

ಕಲ್ಲಚ್ಚು 1822ರ ಹೊತ್ತಿಗೆ ಕಲ್ಕತ್ತೆಗೆ ಬಂತು, ಅದೇ ದಶಕದಲ್ಲಿ ಮುಂಬಯಿಗೂ ಬಂತು. ಆಗ ಮುಂಬಯಿಯ ಗವರ್ನರನಾಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಶಾಲಾ ಪುಸ್ತಕಗಳಿಗೆ ಒತ್ತು ಕೊಟ್ಟ. ಮರಾಠಿಗೆ ಬೇಕಾದ ಬಾಳಬೋಧ (ದೇವನಾಗರಿ) ಮೊಳೆಗಳು ಆಗಿನ್ನೂ ಒರಟಾಗಿದ್ದವು, ಮೋಡಿ ಲಿಪಿಯ ಕೂಡಕ್ಷರವನ್ನು ಮೊಳೆಗಳಲ್ಲಿ ಹಿಡಿಯುವುದು ಇನ್ನೂ ಕಷ್ಟವಾಗಿತ್ತು. ಲೇಖನಿ ಎತ್ತದೆ ಓಡುವ ಮೋಡಿಗೆ ಕಲ್ಲಚ್ಚೇ ಒಪ್ಪುವ ದಾರಿ. ಮಕ್ಕಳಿಗೆ ಮೋಡಿ ಕಲಿಸುವ ವಾಚನ ಪುಸ್ತಕಗಳು ಬಹುಕಾಲ ಕಲ್ಲಿನಿಂದಲೇ ಅಚ್ಚಾದವು. ಅಮೆರಿಕನ್ ಮಿಷನ್ನಿನ ಅಚ್ಚುಕೂಟದಲ್ಲಿ ಕೆಲಸ ಕಲಿತ ಗಣಪತ ಕೃಷ್ಣಾಜಿ 1831ರಲ್ಲಿ ಸ್ವಂತ ಕಲ್ಲಚ್ಚು ಹೂಡಿ ಪಂಚಾಂಗ ಅಚ್ಚು ಹಾಕಿದ. ಪುರೋಹಿತರಿಗೆ ಅಚ್ಚಿನ ಪುಸ್ತಕದ ಬಗ್ಗೆ ಅನುಮಾನವಿದ್ದ ಕಾಲ ಅದು, ಮಸಿಯಲ್ಲಿ ಕೊಬ್ಬು ಬೆರೆಸುತ್ತಾರೆಂಬ ಅಂಜಿಕೆ. ಆದರೂ ಪಂಚಾಂಗ ಮನೆಮನೆ ಸೇರಿತು. ಮುಂಬಯಿ, ಪುಣೆಗಳ ಕಲ್ಲಚ್ಚಿನ ಸಂಸ್ಕೃತ ಪೋಥಿಗಳನ್ನು ನೋಡಿದರೆ ಹೊಸ ಯಂತ್ರ ಹಳೆಯ ಮರ್ಯಾದೆಯನ್ನು ಹೇಗೆ ಉಳಿಸಿಕೊಂಡಿತೆಂದು ತಿಳಿಯುತ್ತದೆ. ಉದ್ದಕ್ಕಿಂತ ಅಗಲ ಹೆಚ್ಚಿರುವ ಬಿಡಿ ಹಾಳೆಗಳು, ಹೊಲಿಗೆಯಿಲ್ಲ, ನಡುವೆ ದೊಡ್ಡ ಅಕ್ಷರದ ಮೂಲ, ಮೇಲೆ ಕೆಳಗೆ ಸಣ್ಣ ಅಕ್ಷರದ ಟೀಕೆ. ವಸ್ತ್ರದಲ್ಲಿ ಸುತ್ತಿಟ್ಟರೆ ಹಸ್ತಪ್ರತಿಯಂತೆಯೇ ಕಾಣುತ್ತದೆ.

ಶತಮಾನದ ಕೊನೆಗೆ ಕಲ್ಲಿಗೆ ಬಣ್ಣವೂ ಬಂತು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ವಿಷ್ಣುಶಾಸ್ತ್ರಿ ಚಿಪಳೂಣಕರ 1878ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಚಿತ್ರಶಾಲಾ ಪ್ರೆಸ್ಸಿನಿಂದ ದೇವರ ಮತ್ತು ಮರಾಠಾ ವೀರರ ಪಟಗಳು ಹೊರಬಂದವು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಕಲ್ಲಚ್ಚಿನ ಕಾರ್ಖಾನೆ ಕೆಲವೇ ವರ್ಷಗಳಲ್ಲಿ ಪುಣೆ ಜಿಲ್ಲೆಯ ಮಳವಳಿಗೆ ಹೋಯಿತು. ಅದರ ಲಕ್ಷ್ಮಿ ಸರಸ್ವತಿಯರು ಕರ್ನಾಟಕದ ದೇವರಮನೆಗಳಲ್ಲಿ ಗಾಜಿನ ಚೌಕಟ್ಟು, ಕುಂಕುಮದ ಬೊಟ್ಟು ಸಹಿತ ಇಂದಿಗೂ ಇದ್ದಾರೆ. ಪೂಜೆಯಾಗುತ್ತಿರುವ ಪಟವನ್ನು ಯಾರೂ ಸಂಗ್ರಹಾಲಯಕ್ಕೆ ಕೊಡುವುದಿಲ್ಲ. ಹರಿದ ಮೇಲೆ ಅದು ನೀರಿಗೆ ಬಿಡುವ ವಸ್ತು. ಹೀಗೆ ಅತಿ ಹೆಚ್ಚು ಅಚ್ಚಾದ ಕಲ್ಲಚ್ಚುಗಳೇ ಗ್ರಂಥಾಲಯಗಳಲ್ಲಿ ಅಪರೂಪ.

ಮಂಗಳೂರು

ಕನ್ನಡದ ಕಲ್ಲಚ್ಚಿನ ತವರು ಮಂಗಳೂರಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ. ಕನ್ನಡ ಅಚ್ಚು ಅದಕ್ಕಿಂತ ಹಿಂದೆಯೇ ಇತ್ತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೇರಾಂಪುರದಲ್ಲಿ, ರೀವ್‌ನ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ ಮದರಾಸಿನಲ್ಲಿ ಮೊಳೆಗಳಿಂದ ಅಚ್ಚಾಗಿದ್ದವು. ಆದರೆ ಕಾಗುಣಿತ, ಒತ್ತು, ಕೊಂಬು, ಏತ್ವಗಳನ್ನೆಲ್ಲ ಬಿಡಿಬಿಡಿಯಾಗಿ ಎರಕ ಹೊಯ್ಯಿಸುವುದು ದುಡ್ಡಿನ ಬಾಬತ್ತು, ಹೊಯ್ಯಿಸಿ ತಂದರೂ ಅಕ್ಷರ ಕನ್ನಡಿಗರ ಕಣ್ಣಿಗೆ ಹಿತವಾಗಿರಲಿಲ್ಲ. ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ 1841ರಲ್ಲಿ ಮುಂಬಯಿಗೆ ಹೋಗಿ ಒಂದು ಕಲ್ಲಚ್ಚಿನ ಯಂತ್ರವನ್ನು ತಂದ, ಅದನ್ನು ನಡೆಸಬಲ್ಲ ಇಬ್ಬರು ಮರಾಠಿ ಕೆಲಸಗಾರರನ್ನೂ ಮಂಗಳೂರಿಗೆ ಕರೆತಂದ. ಕನ್ನಡ ಮುದ್ರಣದ ಚರಿತ್ರೆಯಲ್ಲಿ ಜರ್ಮನರ ಹೆಸರುಗಳು ಧಾರಾಳವಾಗಿ ಬರುತ್ತವೆ. ಕಲ್ಲಿನ ಹದ ಬಲ್ಲ ಆ ಇಬ್ಬರಿಗೂ ಅಲ್ಲೊಂದು ಸಾಲು ಸಲ್ಲಬೇಕು.

ಈ ಯಂತ್ರದಿಂದ ಹೊರಬಂದವುಗಳಲ್ಲಿ ಹೆಸರಾದದ್ದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’. ಹರ್ಮನ್ ಮ್ಯೋಗ್ಲಿಂಗ್ (1811-1881) ಇದರ ಸಂಪಾದಕ. ವುರ್ಟೆಂಬರ್ಗಿನ ಬ್ರಾಕೆನ್‌ಹೈಮ್‌ನಲ್ಲಿ ಹುಟ್ಟಿ, ಟ್ಯೂಬಿಂಗನ್ನಿನಲ್ಲಿ ಓದಿ, 1836ರಲ್ಲಿ ಮಂಗಳೂರಿಗೆ ಬಂದವನು. ಪತ್ರಿಕೆಯ ಮೊದಲ ಸಂಚಿಕೆ 1843ರ ಜುಲೈ 1ರಂದು ಹೊರಟಿತು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರಿನ ವರ್ತಮಾನ, ಸರಕಾರದ ನಿರೂಪಗಳು, ಪರದೇಶದ ಸುದ್ದಿ ಎಲ್ಲವೂ ಕೈಬರಹದಲ್ಲೇ ಇರುತ್ತಿದ್ದವು. ಓದುಗರು ಹೆಚ್ಚಿದಾಗ ಕಲ್ಲಿನ ವೇಗ ಸಾಲದಾಯಿತು. ಮೊಳೆಯಚ್ಚು ಇದ್ದ ಬಳ್ಳಾರಿಗೆ 1844ರಲ್ಲಿ ಪತ್ರಿಕೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಜುಲೈ 1ನ್ನು ಈಗ ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತಾರೆ. ಅಂದು ಭಾಷಣಗಳಲ್ಲಿ ‘ಮೊದಲ ಮುದ್ರಿತ ಪತ್ರಿಕೆ’ ಎನ್ನುವಾಗ ಕಣ್ಣಮುಂದೆ ಮೊಳೆ ಜೋಡಿಸುವ ಚಿತ್ರ ಬರುತ್ತದೆ. ನಿಜಕ್ಕೂ ಅದು ಲಿಪಿಕಾರ ಕೈಯಾರೆ ಬರೆದ ಪತ್ರಿಕೆ.

ಸಾಹಿತ್ಯದ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಕೆಲಸ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆ. ಮದರಾಸು ಸರಕಾರದ ಸೇವೆಯಿಂದ ನಿವೃತ್ತನಾಗಿ ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಕಾಸಾಮೇಜರ್ ಹಣ ಕೊಟ್ಟ, ಮ್ಯೋಗ್ಲಿಂಗ್ ಹಸ್ತಪ್ರತಿಗಳನ್ನು ತರಿಸಿ ಸಂಪಾದಿಸಿದ. 1848ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಲಕ್ಷ್ಮೀಶನ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ಯಕ್ಷಗಾನ ಪ್ರಸಂಗ ರಾವಣ ದಿಗ್ವಿಜಯ ಮೊದಲಾದವು ಕಲ್ಲಿನಿಂದ ಹೊರಬಂದವು. ‘ದಾಸರ ಪದಗಳು’ 1850ರಲ್ಲಿ ಅಚ್ಚಾಯಿತು, ಹರಿದಾಸರ ಹಾಡುಗಳ ಮೊದಲ ಮುದ್ರಿತ ಸಂಕಲನ ಅದು. ಭಜನೆಯಲ್ಲಿ ಬಾಯಿಂದ ಬಾಯಿಗೆ, ಮನೆಯ ಹೆಂಗಸರ ಹಾಡಿನ ಪುಸ್ತಕದಿಂದ ಪುಸ್ತಕಕ್ಕೆ ಹೋಗುತ್ತಿದ್ದ ಪದಗಳು ಒಬ್ಬ ಕ್ರೈಸ್ತ ಪಾದ್ರಿಯ ಕೈಯಲ್ಲಿ ಮೊದಲು ಪುಟಕ್ಕೆ ನಿಂತವು. ಜನರ ಮನಸ್ಸನ್ನು ಅರಿತು ಮತ ಪ್ರಚಾರ ಮಾಡುವುದೇ ಇದರ ಉದ್ದೇಶವೆಂದು ಹೇಳುವವರಿದ್ದಾರೆ, ಅದರಲ್ಲಿ ಸುಳ್ಳೇನಿಲ್ಲ. ಆದರೆ ಆಯ್ಕೆಯನ್ನು ನೋಡಿದರೆ ಉದ್ದೇಶವನ್ನು ಪ್ರೀತಿ ದಾಟಿದೆ. ಮ್ಯೋಗ್ಲಿಂಗ್ ಮುಂದೆ ದಾಸರ ಪದಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿನ ಪ್ರಾಚ್ಯ ವಿದ್ವಾಂಸರ ಪತ್ರಿಕೆಯಲ್ಲಿ 1860ರಲ್ಲಿ ಪ್ರಕಟಿಸಿದ. ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವನಿಗೆ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತ್ತು.

ತುಳುವಿನ ಮೇಲೆ ಕಲ್ಲಚ್ಚಿನ ಪರಿಣಾಮ ಇನ್ನೂ ಆಳವಾದದ್ದು. ತುಳುವಿನ ಹೊಸ ಒಡಂಬಡಿಕೆ 1847ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಕನ್ನಡ ಲಿಪಿಯಲ್ಲಿ. ಓಲೆಗರಿಯಲ್ಲಿ ತಿಗಳಾರಿ ಲಿಪಿಯಲ್ಲೂ ಬರೆಯುತ್ತಿದ್ದ ನಾಡು ಅದು. ಕಲ್ಲಿಗೆ ಯಾವ ಲಿಪಿಯಾದರೂ ಒಂದೇ, ತಿಗಳಾರಿಯನ್ನೂ ಅಷ್ಟೇ ಸುಲಭವಾಗಿ ಇಳಿಸಬಹುದಿತ್ತು. ಕನ್ನಡ ಲಿಪಿ ಶಾಲೆ, ಕಚೇರಿಗಳ ಲಿಪಿಯಾಗಿದ್ದುದರಿಂದ ಆಯ್ಕೆ ಅತ್ತ ವಾಲಿತು. ಮುಂದೆ ಅದೇ ಮಿಷನ್ನಿನ ಮ್ಯಾನರನ 1886ರ ತುಳು ನಿಘಂಟು ಸಹಿತ ಮೊಳೆಯಚ್ಚಿನ ಪುಸ್ತಕಗಳು ಅದೇ ಜಾಡಿನಲ್ಲಿ ಸಾಗಿದವು.

ಕೇರಳದ ತಲಶ್ಶೇರಿಯಲ್ಲಿ ಮ್ಯೋಗ್ಲಿಂಗನ ಗೆಳೆಯ ಹರ್ಮನ್ ಗುಂಡರ್ಟ್ ಇಲ್ಲಿಕ್ಕುನ್ನಿನ ಬಂಗಲೆಯಲ್ಲಿ ಇಂಥದೇ ಕಲ್ಲಚ್ಚು ನಡೆಸಿದ. ಮಲಯಾಳದ ಮೊದಲ ಪತ್ರಿಕೆ ‘ರಾಜ್ಯಸಮಾಚಾರಂ’ 1847ರ ಜೂನಿನಲ್ಲಿ ಅಲ್ಲಿಂದ ಹೊರಟಿತು.

ಬಾಸೆಲ್‌ನಲ್ಲಿ ಸಿದ್ಧವಾದ ಹೊಸ ಮೊಳೆಗಳೊಡನೆ ಗೇಯೋರ್ಗ್ ಪ್ಲೆಬ್‌ಸ್ಟ್ 1851ರಲ್ಲಿ ಮಂಗಳೂರಿಗೆ ಬಂದ ಮೇಲೆ ಕಲ್ಲಿನ ಕಾಲ ಮುಗಿಯುತ್ತ ಬಂತು. ಕೇಶಿರಾಜನ ಶಬ್ದಮಣಿದರ್ಪಣ (1872), ನಾಗವರ್ಮನ ಛಂದಸ್ಸು (1875), 1894ರ ನಿಘಂಟು ಎಂಬ, ಅದೇ ಮಿಷನ್ನಿನ ಕಿಟ್ಟೆಲ್ಲನ ಮೂರೂ ದೊಡ್ಡ ಕೃತಿಗಳು ಮೊಳೆಯವು. ಹಲವು ಹಸ್ತಪ್ರತಿಗಳನ್ನು ಎದುರಿಗಿಟ್ಟು ಪಾಠಾಂತರ ತೋರಿಸುವ ಶಿಸ್ತು ಮೊದಲೆರಡರಲ್ಲಿದೆ. ಅಡಿಟಿಪ್ಪಣಿ, ಚಿಹ್ನೆ, ರೋಮನ್ ಅಕ್ಷರಗಳ ಬೆರಕೆ ಇರುವ ಇಂಥ ಪುಟ ಮೊಳೆಗೇ ಹೊಂದುವಂಥದು. ಕಲ್ಲಚ್ಚು ಒಂದು ಹಸ್ತಪ್ರತಿಯನ್ನು ನೂರಾರು ಮಾಡಿತು, ಮೊಳೆಯಚ್ಚು ಹಲವು ಹಸ್ತಪ್ರತಿಗಳನ್ನು ಒಂದು ಮಾಡಿತು. ಇಪ್ಪತ್ತೈದು ವರ್ಷಗಳಲ್ಲಿ ಕನ್ನಡ ಗ್ರಂಥಸಂಪಾದನೆ ಬದಲಾದದ್ದು ಹೀಗೆ.

ಉರ್ದುವಿನ ದಾರಿ ಬೇರೆಯಾಯಿತು. ಇಳಿಜಾರಿನ ನಸ್ತಾಲಿಕ್ ಬರಹವನ್ನು ಮೊಳೆಗೆ ಕೊನೆಗೂ ಹಿಡಿಯಲಾಗಲಿಲ್ಲ, ಕಾತಿಬರೆಂಬ ಲಿಪಿಕಾರರು ಕಂಪ್ಯೂಟರ್ ಬರುವ ತನಕ ಬರೆದರು. ಚೆನ್ನೈಯಲ್ಲಿ 1927ರಲ್ಲಿ ಆರಂಭವಾದ ‘ದಿ ಮುಸಲ್ಮಾನ್’ ದಿನಪತ್ರಿಕೆಯನ್ನು ಇಪ್ಪತ್ತೊಂದನೆಯ ಶತಮಾನದಲ್ಲೂ ಕೈಯಲ್ಲೇ ಬರೆಯುತ್ತಿದ್ದರು.

ಕಲ್ಲಿಗೆ ಮೊದಲಿನ ಬರಹ

ಮ್ಯೋಗ್ಲಿಂಗನ ಮುಂದೆ ಇದ್ದ ಹಸ್ತಪ್ರತಿಗಳು ಎಂಥವು ಎಂಬುದನ್ನು ತಿಳಿಯಲು ಕರ್ನಾಟಕದ ಯಾವ ದೊಡ್ಡ ಸಂಗ್ರಹಕ್ಕೆ ಹೋದರೂ ಆದೀತು. ಕಂಟದಿಂದ ಕೊರೆದು ಮಸಿ ತುಂಬಿದ ಓಲೆಗರಿ ಅತ್ಯಂತ ಸಾಮಾನ್ಯ. ಹುಣಸೆಬೀಜದ ಸರಿ ಮತ್ತು ಇದ್ದಿಲು ಹಚ್ಚಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ ಬಳಪದಿಂದ ಬರೆಯುವ ಕಡತ ಶಾನುಭೋಗರ ಮತ್ತು ಮಠಗಳ ಲೆಕ್ಕದ ಪುಸ್ತಕ. ಶೃಂಗೇರಿ ಮಠದ ಕಡತಗಳು ವಿದ್ವಾಂಸರಿಗೆ ಚಿರಪರಿಚಿತ. ತಪ್ಪಾದರೆ ಅಳಿಸಿ ಬರೆಯಬಹುದಾದ ಈ ಕಪ್ಪು ಪುಸ್ತಕದಿಂದಲೇ ‘ಕಡತ’ ಎಂಬ ಮಾತು ಸರಕಾರಿ ಫೈಲಿಗೆ ಬಂದದ್ದು. ಮುಂಬಯಿ ಕರ್ನಾಟಕದ ಕುಲಕರ್ಣಿ ಮನೆತನಗಳಲ್ಲಿ ಮೋಡಿ ಕಾಗದಗಳನ್ನು ರುಮಾಲಿನಲ್ಲಿ ಕಟ್ಟಿಟ್ಟಿರುತ್ತಾರೆ. ಪುಣೆಯ ಪೇಶ್ವೆ ದಫ್ತರದಲ್ಲೂ ಕಟ್ಟಿನ ಹೆಸರು ರುಮಾಲೇ.

ಹೊಸ ಬ್ರಿಟಿಷ್ ಅಧಿಕಾರಿಗಳು ಹಳೆಯ ಬರಹವನ್ನು ಪ್ರತಿ ಮಾಡಿಸಿದ್ದೂ ಹತ್ತೊಂಬತ್ತನೆಯ ಶತಮಾನದ ಹಸ್ತಪ್ರತಿಗಳ ದೊಡ್ಡ ಪಾಲು. ಕಾಲಿನ್ ಮೆಕೆಂಜಿ 1821ರಲ್ಲಿ ತೀರಿಕೊಳ್ಳುವ ಮೊದಲು ಊರೂರಿನಿಂದ ಬರೆಯಿಸಿ ತರಿಸಿದ ಕೈಫಿಯತ್ತುಗಳೆಂಬ ಊರಿನ ಚರಿತ್ರೆಗಳಲ್ಲಿ ಕನ್ನಡದವು ಹಲವಾರಿವೆ. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 595 ಶಾಸನಗಳ ಪಾಠವನ್ನು ಪಂಡಿತರಿಂದ ಬರೆಯಿಸಿದ, ಜೆ. ಎಫ್. ಫ್ಲೀಟ್ ಮುಂದೆ ಕಟ್ಟಿದ ಚಾಳುಕ್ಯ ಚರಿತ್ರೆಗೆ ಅದೇ ತಳಹದಿ. ಮೂಲ ಕಲ್ಲು ಸವೆದೋ ಒಡೆದೋ ಹೋದ ಕಡೆ ಈ ಪ್ರತಿಯೇ ಸಾಕ್ಷಿ.

ಇಂದಾಪುರ ಮತ್ತು ನಕಾಶೆಗಳು

ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಇಂದಾಪುರದಲ್ಲಿ ಹೆಸರಾದ ಹಸ್ತಪ್ರತಿ ಭಂಡಾರವಿಲ್ಲ. ಆದರೂ ಉತ್ತರ ಕರ್ನಾಟಕದ ಹಳ್ಳಿಯ ಪ್ರತಿಯೊಂದು ನಕಾಶೆಯ ವಂಶಾವಳಿ ಈ ತಾಲೂಕಿಗೆ ಬಂದು ಮುಟ್ಟುತ್ತದೆ. ಆರ್. ಕೆ. ಪ್ರಿಂಗಲ್ ಮಾಡಿದ್ದ ಮೊದಲ ಭೂಮಾಪನ ಹೆಚ್ಚಿನ ಕಂದಾಯ ಹೇರಿ ಕೆಟ್ಟಿತು, ರೈತರು ಹೊಲ ಬಿಟ್ಟು ಹೋದರು. ಎಚ್. ಇ. ಗೋಲ್ಡ್‌ಸ್ಮಿಡ್ ಮತ್ತು ಜಾರ್ಜ್ ವಿಂಗೇಟ್ 1835ರಲ್ಲಿ ಇಂದಾಪುರದಿಂದಲೇ ಹೊಸದಾಗಿ ಅಳೆಯಲು ಹೊರಟರು. ಕಡಿಮೆ ಮಾಡಿದ ದರಗಳು 1836ರಲ್ಲಿ ಮೂವತ್ತು ವರ್ಷದ ಕರಾರಿನ ಮೇಲೆ ಜಾರಿಗೆ ಬಂದವು. ಹೊಲಕ್ಕೆ ಸರ್ವೆ ನಂಬರು, ಎಕರೆಗೆ 40 ಗುಂಟೆ, 33 ಅಡಿಯ ಸರಪಳಿ, ಮಣ್ಣಿನ ಆಳ ಮತ್ತು ಬಣ್ಣಕ್ಕೆ ತಕ್ಕಂತೆ ಆಣೆವಾರಿ, ಇದೇ ಆ ಪದ್ಧತಿ. 1840ರ ದಶಕದಲ್ಲಿ ಇದು ಧಾರವಾಡ, ಬೆಳಗಾವಿಗಳ ಕಡೆ ಬಂತು, 1847ರ ಜಂಟಿ ವರದಿಯಲ್ಲಿ ಸೂತ್ರವಾಗಿ ನಿಂತಿತು.

ಸರ್ವೆಯವರು ಹೊಲದಲ್ಲಿ ಕೈಯಿಂದ ಬರೆದದ್ದು ಟಿಪ್ಪಣಿ. ಹಳ್ಳಿಯ ಒಟ್ಟು ನಂಬರುಗಳ ಕ್ಷೇತ್ರ, ಆಕಾರ (ಕಂದಾಯ)ಗಳ ಪಟ್ಟಿ ಆಕಾರಬಂದ್. ಇವೆರಡೂ ಹಸ್ತಪ್ರತಿಗಳೇ, ಆದರೆ ಯಾವ ಹಸ್ತಪ್ರತಿ ಸೂಚಿಯಲ್ಲೂ ಇವು ಸಿಗುವುದಿಲ್ಲ. ಗ್ರಾಮ ನಕಾಶೆ ಮಾತ್ರ ಕಲ್ಲಚ್ಚಿಗೆ ಮತ್ತು ಅದರ ತಮ್ಮನಾದ ಸತುವಿನ ಫಲಕದ ಅಚ್ಚಿಗೆ ಏರಿತು. ಶತಮಾನದ ಉತ್ತರಾರ್ಧದಲ್ಲಿ ಪುಣೆಯ ಸರಕಾರಿ ಫೋಟೊಜಿಂಕೊಗ್ರಾಫಿಕ್ ಕಚೇರಿ ಈ ಕೆಲಸ ಮಾಡುತ್ತಿತ್ತು. ಬಾಂದಿನ ಕಲ್ಲು, ಹಳ್ಳ, ದಾರಿ, ಗುಡಿಗಳ ಗುರುತುಗಳನ್ನು ಬಿಡಿಸಿದ ಕೈಯ ನಾಜೂಕು ಮಂಗಳೂರಿನ ಲಿಪಿಕಾರನದಕ್ಕಿಂತ ಕಡಿಮೆಯಿಲ್ಲ. ಬದುವಿನ ವ್ಯಾಜ್ಯದಲ್ಲಿ ತಾಲೂಕು ಕಚೇರಿಯವರು ಇಂದಿಗೂ ಹಳೆಯ ನಕಾಶೆ, ಟಿಪ್ಪಣಿ ತೆಗೆಯುತ್ತಾರೆ. ಮಡಿಕೆಯಲ್ಲಿ ಹರಿದು ಹಿಂದೆ ಬಟ್ಟೆ ಅಂಟಿಸಿದ ಆ ಹಾಳೆಗಳನ್ನು ಗ್ರಂಥಾಲಯದ ತಣ್ಣನೆಯ ಕೋಣೆಯಲ್ಲಿಟ್ಟಿದ್ದರೆ ಉಳಿವು ಹೆಚ್ಚು, ಉಪಯೋಗ ಕಡಿಮೆ.

ಸಂಗ್ರಹಗಳು ಮತ್ತು ಆರೈಕೆ

ಮಂಗಳೂರಿನ ಕಲ್ಲಚ್ಚುಗಳನ್ನು ನೋಡಲು ಮೊದಲು ಹೋಗಬೇಕಾದದ್ದು ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಪತ್ರಾಗಾರಕ್ಕೆ. ಪ್ರತಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಮಿಷನ್ ಪತ್ರಾಗಾರದಲ್ಲೂ ಇವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದ ಕನ್ನಡ, ಬಡಗ, ಕೊಡವ ಪುಸ್ತಕಗಳ ಸೂಚಿಯನ್ನು ಎಲ್. ಡಿ. ಬಾರ್ನೆಟ್ 1910ರಲ್ಲಿ ಪ್ರಕಟಿಸಿದ. ಹಳೆಯ ಮುದ್ರಣಗಳ ಜಾಡು ಹಿಡಿಯುವವರಿಗೆ ಅದು ಇಂದಿಗೂ ಕೈದೀಪ. ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯ ಗುಂಡರ್ಟನ ಸಂಗ್ರಹದ ಸುಮಾರು 1,37,000 ಪುಟಗಳನ್ನು ಛಾಯೆ ತೆಗೆಸಿ 2018ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಮಲಯಾಳವೇ ಅದರ ಪ್ರಧಾನ ಭಾಗ, ಕನ್ನಡ, ತುಳುಗಳೂ ಇವೆ. ಪುಣೆಯಲ್ಲಿ 1917ರಲ್ಲಿ ಸ್ಥಾಪನೆಯಾದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ ಸರಕಾರದ ಸಂಸ್ಕೃತ ಹಸ್ತಪ್ರತಿ ಸಂಗ್ರಹವಿದೆ. 1860ರ ದಶಕದಲ್ಲಿ ಬ್ಯೂಲರ್, ಕೀಲ್‌ಹಾರ್ನ್ ಮೊದಲಾದವರು ಕೂಡಿಸತೊಡಗಿದ ಇದು ಮೊದಲು ಡೆಕ್ಕನ್ ಕಾಲೇಜಿನಲ್ಲಿತ್ತು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರದು. ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಅರ್ಥಶಾಸ್ತ್ರದ ಓಲೆ ಸಿಕ್ಕಿದ್ದು ಅಲ್ಲಿ.

ಇವುಗಳ ಆರೈಕೆಯಲ್ಲಿ ಹಸ್ತಪ್ರತಿಗೂ ಕಲ್ಲಚ್ಚಿಗೂ ಒಂದೇ ಮದ್ದು ನಡೆಯುವುದಿಲ್ಲ. ಓಲೆಗರಿ ಒಣಗಿ ಮುರಿಯುತ್ತದೆ, ಆಗಾಗ ಮಜ್ಜಿಗೆಹುಲ್ಲಿನ ಎಣ್ಣೆ ಸವರಬೇಕು. ಅದೇ ಎಣ್ಣೆ ಕಾಗದಕ್ಕೆ ತಾಗಿದರೆ ಕಲೆ. ಕಾಡಿಗೆ ಮತ್ತು ಅಂಟಿನ ದೇಶೀ ಮಸಿ ನೂರಾರು ವರ್ಷ ಕಪ್ಪಾಗಿಯೇ ಇರುತ್ತದೆ, ಆದರೆ ಒಂದು ಹನಿ ನೀರಿಗೆ ಹರಡುತ್ತದೆ. ಕಬ್ಬಿಣದ ವಿಲಾಯತಿ ಮಸಿ ನೀರಿಗೆ ಜಗ್ಗುವುದಿಲ್ಲ, ಕ್ರಮೇಣ ಕಾಗದವನ್ನೇ ತಿಂದು ಅಕ್ಷರದ ಆಕಾರದ ತೂತು ಬಿಡುತ್ತದೆ. ಕಲ್ಲಚ್ಚಿನ ಮಸಿ ಜಿಡ್ಡಿನದು, ನೀರಿಗೆ ಕರಗದು, ಕಾಗದವನ್ನೂ ಕೊರೆಯದು. ಆದರೆ ಅಕ್ಷರದ ಸುತ್ತ ಎಣ್ಣೆ ಹರಡಿ ಕಂದು ಅಂಚು ಮೂಡಿಸುತ್ತದೆ. ಕರಾವಳಿಯ ಮಳೆಗಾಲದಲ್ಲಿ ಬರುವ ಬೂಷ್ಟು, ಬೆಳ್ಳಿಹುಳಗಳ ಕಾಟವಂತೂ ಎಲ್ಲಕ್ಕೂ ಸಮಾನ. ಹಳೆಯ ಮನೆಗಳಲ್ಲಿ ಕಟ್ಟಿನ ನಡುವೆ ಬಜೆ, ಬೇವಿನ ಎಲೆ ಇಡುವ ರೂಢಿ ಇತ್ತು.

ಛಾಯೆ ತೆಗೆದು ಕಂಪ್ಯೂಟರಿಗೆ ಏರಿಸಿದ ಮೇಲೂ ಕಲ್ಲಚ್ಚು ಸುಲಭವಾಗಿ ಓದಿಸಿಕೊಳ್ಳುವುದಿಲ್ಲ. ಮೊಳೆಯಚ್ಚಿನ ಕನ್ನಡಕ್ಕೆ ಪಳಗಿದ ತಂತ್ರಾಂಶಕ್ಕೆ ಪದಗಳ ನಡುವೆ ತೆರಪಿಲ್ಲದ, ಒತ್ತಕ್ಷರ ಕೆಳಗಿನ ಸಾಲಿಗೆ ಇಳಿಯುವ ಬರಹ ಎಟುಕುವುದಿಲ್ಲ. ಅದನ್ನು ಹಸ್ತಪ್ರತಿಯೆಂದೇ ಬಗೆದು ಹೊಸದಾಗಿ ಪಳಗಿಸಬೇಕು. ಪಟ್ಟಿ ಮಾಡುವವರಿಗೂ ಇದೇ ಗೊಂದಲ. ಓಲೆಗರಿಯ ಕೊನೆಯಲ್ಲಿ ಬರೆದವನು ತನ್ನ ಹೆಸರು, ಊರು, ಸಂವತ್ಸರ ಹೇಳಿ, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡಿಕೊಳ್ಳುವುದು ವಾಡಿಕೆ. ಕಲ್ಲಚ್ಚಿನ ಮುಖಪುಟದಲ್ಲಿ ಅಚ್ಚುಕೂಟದ ಹೆಸರು, ಇಸವಿ ಸಿಗುತ್ತವೆ, ಬರೆದ ಕೈಯ ಹೆಸರು ಸಾಮಾನ್ಯವಾಗಿ ಸಿಗುವುದಿಲ್ಲ. ಅಕ್ಷರದ ತಲೆಕಟ್ಟು, ಕೊಂಬಿನ ತಿರುವು, ಸಾಲಿನ ಕೊನೆಗೆ ಬಂದಾಗ ಕುಗ್ಗುವ ಅಕ್ಷರಗಳನ್ನು ಪುಸ್ತಕದಿಂದ ಪುಸ್ತಕಕ್ಕೆ ಹೋಲಿಸಿ ಮಂಗಳೂರಿನಲ್ಲಿ ಎಷ್ಟು ಕೈಗಳು ಕೆಲಸ ಮಾಡಿದವೆಂದು ಎಣಿಸುವುದು ಸಾಧ್ಯ. ಓಲೆಗರಿ ಓದಲು ಕಲಿತವರಿಗೆ ಈ ವಿದ್ಯೆ ಹೊಸದಲ್ಲ. ಒಂದೇ ಪುಸ್ತಕದ ಪ್ರತಿಗಳು ಬಲ್ಮಠದಲ್ಲೂ ಬಾಸೆಲ್‌ನಲ್ಲೂ ಇರುವುದರಿಂದ ಒಂದರಲ್ಲಿ ಮಸುಕಾದ ಸಾಲನ್ನು ಇನ್ನೊಂದರಲ್ಲಿ ಓದಿಕೊಳ್ಳಬಹುದು.